ಕರಿಗುಂಡಿಗೆ ಹೆಸರು ಬಳಿದವರು

ಮುತ್ತಗದಹಳ್ಳಿಯ ಕೆರೆ ಏರಿಯ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಕರಿಗುಂಡು ಕಾಣುತ್ತದೆ. ಗುಡ್ಡವೆಂದು ಕರೆಯುವುದು ರೂಢಿ; ಎತ್ತರ ಮುನ್ನೂರು ಅಡಿ ದಾಟುವುದಿಲ್ಲ. ಬುಡದಲ್ಲಿ ಬಂದರೆ ಗಿಡದ ಪೊದೆ, ಮೇಲೇರಿದಂತೆ ಕಾರೆ ಮುಳ್ಳು, ನೆತ್ತಿಯಲ್ಲಿ ನಾಲ್ಕಾಳೆತ್ತರದ ಒಂದೇ ಒಂದು ದುಂಡು ಬಂಡೆ. ಸುತ್ತಲಿನ ಕಲ್ಲುಗಳೆಲ್ಲ ಕಂದು ಬಣ್ಣದವು, ಈ ಬಂಡೆ ಮಾತ್ರ ಕಪ್ಪು. ಈಚೆಗೆ ಮೇಲಿನವರೆಗೂ ಮೆಟ್ಟಿಲು ಕಡಿಸಿ, ಕಬ್ಬಿಣದ ಕಂಬಿ ಹಾಕಿಸಿ, ಬಂಡೆಯ ಎದುರಿಗೆ ನೀಲಿ ಬೋರ್ಡೊಂದನ್ನು ನೆಟ್ಟಿದ್ದಾರೆ. ನೆಟ್ಟವರು ಯಾರೆಂದು ಬೋರ್ಡಿನಲ್ಲಿಲ್ಲ. ಅದರಲ್ಲಿ ಮೂರು ವಾಕ್ಯಗಳಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ತರಬೇತಿಯ ವಿಮಾನವೊಂದು ಬಿದ್ದು ನಾಲ್ವರು ಸತ್ತರು ಎನ್ನುವುದು ಮೊದಲನೆಯದು. ಆ ಬೆಂಕಿಯಲ್ಲಿ ಬಂಡೆ ಕಪ್ಪಾದ್ದರಿಂದ ಕರಿಗುಂಡು ಎಂಬ ಹೆಸರು ಬಂತು ಎನ್ನುವುದು ಎರಡನೆಯದು. ಗ್ರಾಮಸ್ಥರು ಅರಿಯದೆ ಹಾಕಿದ್ದ ಬಿಳಿಯ ಗುರುತೇ ಅಪಘಾತಕ್ಕೆ ಕಾರಣ ಎನ್ನುವುದು ಮೂರನೆಯದು. ಮೊದಲನೆಯದು ನಿಜ. ಉಳಿದೆರಡು ಶುದ್ಧ ಸುಳ್ಳು.

ಹೀಗೆ ಮುಖಕ್ಕೆ ಹೊಡೆದಂತೆ ಹೇಳುವುದಕ್ಕೆ ನನಗೆ ಏನು ಅಧಿಕಾರ ಎಂದು ಕೇಳಬಹುದು. ನಾನು ಮೂವತ್ತೊಂದು ವರ್ಷ ಮೋಜಣಿ ಇಲಾಖೆಯಲ್ಲಿ ಸರಪಳಿ ಎಳೆಸಿ ಈ ಸೀಮೆಯ ಕಲ್ಲುಮುಳ್ಳನ್ನೆಲ್ಲ ಅಳೆದವನು. ಯುದ್ಧಕ್ಕೆ ಮೊದಲಿನ ನಕ್ಷೆಗಳಲ್ಲಿ ಈ ಜಾಗಕ್ಕೆ ಬಿಳಿಗುಂಡು ಎಂದಿದೆ, ಆಮೇಲಿನವುಗಳಲ್ಲಿ ಕರಿಗುಂಡು ಎಂದಿದೆ. ಬೆಂಕಿಗೆ ಕಲ್ಲು ಕಪ್ಪಾಗುತ್ತದೆ, ಒಪ್ಪಿದೆ; ನಾಲ್ಕು ಮಳೆಗಾಲಕ್ಕೆ ಆ ಮಸಿ ತೊಳೆದೂ ಹೋಗುತ್ತದೆ. ಈ ಬಂಡೆಯ ಬುಡದಲ್ಲಿ ಬಿಸಿಲಿಗೆ ಕರಗಿ ಇಳಿದು ಹೆಪ್ಪುಗಟ್ಟಿದ ದಪ್ಪ ಗೆರೆಗಳಿವೆ. ಚಾಕುವಿನ ತುದಿಯಿಂದ ಕೆರೆದು ಬೆಂಕಿಕಡ್ಡಿ ತೋರಿಸಿದರೆ ರಸ್ತೆ ಹಾಕುವಲ್ಲಿ ಬರುವ ವಾಸನೆಯೇ ಬರುತ್ತದೆ. ಅದು ಡಾಂಬರು. ಬೋರ್ಡು ಬರೆದ ಮಹಾಶಯರು ಅಷ್ಟು ದೂರ ಬಂದು ಕಂಬ ನೆಡಿಸಿದರು, ಎರಡು ಹೆಜ್ಜೆ ಮುಂದೆ ಹೋಗಿ ಬಂಡೆಯನ್ನು ಮುಟ್ಟಿ ನೋಡಲಿಲ್ಲ. ಮುಟ್ಟಿದ್ದರೆ ಈ ಕಲ್ಲಿಗೆ ಡಾಂಬರು ಬಳಿಸಿದವರು ಯಾರು, ಯಾಕೆ ಎಂದು ಊರಲ್ಲಿ ಯಾರನ್ನಾದರೂ ಕೇಳಬೇಕೆನಿಸುತ್ತಿತ್ತು. ಕೇಳಿದ್ದರೆ ಸುಣ್ಣಗಾರರ ಮನೆಯ ಹನುಮಕ್ಕ, ನನಗೆ ಹೇಳಿದಂತೆಯೇ, ಅವರಿಗೂ ಕೂರಿಸಿ ಹೇಳುತ್ತಿದ್ದರು.

ಹಿಂದೆ ಒಮ್ಮೆ, ಈ ಗುಡ್ಡದ ಸುತ್ತಲಿನ ಏಳು ಹಳ್ಳಿಗಳವರು ತಮಗೆ ತೋಚಿದ ದಿನ ಬಿತ್ತನೆ ಮಾಡುತ್ತಿದ್ದರಂತೆ. ಒಂದೂರಿನ ಸಜ್ಜೆ ಇವತ್ತು ತೆನೆಗಟ್ಟಿದರೆ ಇನ್ನೊಂದೂರಿನದು ವಾರ ಕಳೆದು. ಹಕ್ಕಿಗಳಿಗೆ ಅದಕ್ಕಿಂತ ಅನುಕೂಲ ಬೇಕೆ? ಒಂದು ಹೊಲ ಮುಗಿಸಿ ಮುಂದಿನದಕ್ಕೆ, ಅದು ಮುಗಿಸಿ ಮತ್ತೊಂದಕ್ಕೆ ಸಾಗಿ, ಕಡೆಗೆ ಬಿತ್ತಿದವನಿಗೆ ಬರೀ ದಂಟು ಉಳಿಯುತ್ತಿತ್ತು. ಆಗ ಸುಣ್ಣ ಸುಡುವ ಮನೆಯ ಒಬ್ಬ ಮುದುಕಿ ಏಳೂರಿನವರನ್ನು ಸೇರಿಸಿ, ಎಲ್ಲರೂ ಒಂದೇ ದಿನ ಬಿತ್ತಿರಿ, ಎಲ್ಲರ ಬೆಳೆಯೂ ಒಟ್ಟಿಗೆ ಬಂದರೆ ಹಕ್ಕಿ ತಿಂದರೂ ಎಲ್ಲರಲ್ಲೂ ಇಷ್ಟಿಷ್ಟೇ ತಿಂದೀತು, ದಿನ ಯಾವುದೆಂದು ನಾನು ತೋರಿಸುತ್ತೇನೆ ಎಂದಳು ಎನ್ನುತ್ತಾರೆ. ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂದ ಮೇಲೆ ಅವಳು ಈ ಬಂಡೆಗೆ ಬುಡದಿಂದ ನೆತ್ತಿಯವರೆಗೆ ಹೊಸ ಸುಣ್ಣ ಬಳಿದಳು. ಏಳೂರಿನ ಹೊಲಗಳಿಂದಲೂ ಬಂಡೆ ಬೆಳ್ಳಗೆ ಕಂಡಿತು, ಕೂರಿಗೆಗಳು ಹೊಲಕ್ಕಿಳಿದವು. ಅಂದಿನಿಂದ ಬಂಡೆ ಬಿಳಿಗುಂಡಾಯಿತು. ಬಂಡೆ ಬೆಳ್ಳಗಾಗದೆ ಕಾಳು ನೆಲಕ್ಕೆ ಹಾಕುವುದಿಲ್ಲ ಎನ್ನುವುದು ಕಟ್ಟಳೆಯಾಯಿತು. ಸುಣ್ಣ ಬಳಿಯುವ ಹಕ್ಕು ಆ ಮುದುಕಿಯ ಮನೆಯ ಹೆಂಗಸರದ್ದು. ಅತ್ತೆಯಿಂದ ಸೊಸೆಗೆ ಅದು ಇಳಿದು ಬಂತು.

ಯುದ್ಧದ ಕಾಲಕ್ಕೆ ಆ ಹಕ್ಕು ಬೋರಕ್ಕ ಎಂಬುವಳ ಕೈಯಲ್ಲಿತ್ತು. ಹನುಮಕ್ಕನ ಅತ್ತೆ ಈಕೆಯೇ. ಆಗ ಅವಳಿಗೆ ನಲವತ್ತರ ಆಜುಬಾಜು, ಗಂಡ ತೀರಿಕೊಂಡಿದ್ದ, ಸುಣ್ಣದ ಗೂಡನ್ನು ಒಬ್ಬಳೇ ನಡೆಸುತ್ತಿದ್ದಳು. ಎರೆಹೊಲಗಳಲ್ಲಿ ಸುಣ್ಣದ ಕಲ್ಲು ಆಯ್ದು ತರುವುದು, ಗೂಡಿನಲ್ಲಿ ಕಟ್ಟಿಗೆಯ ಒಂದು ಪದರ ಕಲ್ಲಿನ ಒಂದು ಪದರ ಹಾಕಿ ಸುಡುವುದು, ನೀರು ಚಿಮುಕಿಸಿ ಅರಳಿಸುವುದು, ಎಲ್ಲವೂ ಅವಳದೇ. ಅವಳ ಸುಣ್ಣದಷ್ಟು ಬೆಳ್ಳನೆಯ ಸುಣ್ಣ ಎಲ್ಲೂ ಸಿಗದೆಂಬ ಮಾತು ತಾಲ್ಲೂಕಿಗೇ ಗೊತ್ತಿತ್ತು. ಮಾತು ಕಡಿಮೆ, ಆಡಿದರೆ ಖಾರ. ಪಟೇಲ ಸಿದ್ದರಾಮಪ್ಪನವರೇ ಅವಳೆದುರು ಎರಡು ಸಲ ಯೋಚಿಸಿ ಬಾಯಿ ತೆರೆಯುತ್ತಿದ್ದರು ಎನ್ನುತ್ತಾರೆ.

ಯುದ್ಧ ಶುರುವಾಗಿ ನಾಲ್ಕನೆಯ ವರ್ಷ ಹತ್ತು ಮೈಲಿ ದೂರದಲ್ಲಿ ಸೇನೆಯವರು ವಿಮಾನದಾಣ ಮಾಡಿದರು. ಹೊಸಬರಿಗೆ ಬಾಂಬು ಹಾಕುವುದನ್ನು ಕಲಿಸಲು ಗುಡ್ಡದ ಪೂರ್ವಕ್ಕೆ ಎರಡೂವರೆ ಮೈಲಿಯಲ್ಲಿದ್ದ ಬಂಜರನ್ನು ಹಿಡಿದುಕೊಂಡರು. ಜನ ಅದನ್ನು ಬಾಂಬಿನ ಬಯಲು ಎಂದರು. ಬಾಂಬೆಂದರೆ ನಿಜವಾದದ್ದಲ್ಲ, ಬಿದ್ದ ಜಾಗ ತೋರಿಸಲು ಒಂದಿಷ್ಟು ಹೊಗೆ ಬಿಡುವ ಕೊಳವೆಗಳು. ಬಯಲಿನ ನಡುವೆ ಮೇಲಿನಿಂದ ಕಾಣುವಂತೆ ದೊಡ್ಡದೊಂದು ಬಿಳಿಯ ದುಂಡು ಗುರುತು ಮಾಡಿದರು. ಆ ಗುರುತಿಗೆ ಗಾಡಿಗಟ್ಟಲೆ ಸುಣ್ಣ ಬೇಕಾಯಿತು. ಸುಣ್ಣ ಬಂದದ್ದು ಬೋರಕ್ಕನ ಗೂಡಿನಿಂದ. ಇದನ್ನು ಬೋರ್ಡಿನವರು ಬರೆದಿಲ್ಲ, ಆದ್ದರಿಂದ ನಾನು ಇನ್ನೊಮ್ಮೆ ಬರೆಯುತ್ತೇನೆ. ಸೇನೆಯವರ ಗುರುತಿಗೂ ಊರಿನ ಬಂಡೆಗೂ ಒಂದೇ ಗೂಡಿನ ಸುಣ್ಣ.

ಇದರ ಅಪಾಯ ಮೊದಲು ಹೊಳೆದದ್ದು ನಕ್ಷೆ ದುರ್ಬೀನು ಇಟ್ಟುಕೊಂಡಿದ್ದ ಯಾವ ಅಧಿಕಾರಿಗೂ ಅಲ್ಲ, ಬೋರಕ್ಕನಿಗೆ. ಸುಣ್ಣ ಒಯ್ಯಲು ಬಂದ ಮೇಸ್ತ್ರಿಯನ್ನು ನಿಲ್ಲಿಸಿ ಕೇಳಿದಳಂತೆ, ಮೇಲಿಂದ ನೋಡುವವರಿಗೆ ನಿಮ್ಮದೂ ದುಂಡಗೆ ಬೆಳ್ಳಗೆ, ನಮ್ಮದೂ ದುಂಡಗೆ ಬೆಳ್ಳಗೆ, ಯಾವುದು ಯಾವುದೆಂದು ಅವರಿಗೆ ಹೇಗೆ ಗೊತ್ತಾಗಬೇಕು ಎಂದು. ಮೇಸ್ತ್ರಿ ನಕ್ಕುಬಿಟ್ಟ. ಹಾರುವವರ ಹತ್ತಿರ ಯಂತ್ರಗಳಿವೆ, ನೀನು ಗೂಡು ನೋಡಿಕೊ ಎಂದ. ಅವಳು ಅಲ್ಲಿಗೆ ಬಿಡಲಿಲ್ಲ. ಶಾನುಭೋಗ ನರಹರಿರಾಯರ ಜಗಲಿಗೆ ಹೋಗಿ ಕುಳಿತು, ವಿಷಯ ಹೇಳಿ, ಕಾಗದ ಬರೆಸಿದಳು. ರಾಯರು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದರು. ರೋಹಿಣಿ ಮಳೆಯಾದ ಕೂಡಲೇ ನಮ್ಮ ಬಂಡೆಗೆ ಸುಣ್ಣ ಬಳಿಯುವುದು ನಡೆದುಬಂದ ಪದ್ಧತಿ, ಏಳು ಹಳ್ಳಿಗಳ ಬಿತ್ತನೆ ಅದರ ಮೇಲೆ ನಿಂತಿದೆ, ತಾವು ದಯಮಾಡಿ ತಮ್ಮ ಗುರುತಿಗೆ ಬೇರೆ ಬಣ್ಣ ಹಾಕಿಸಬೇಕು, ಇಲ್ಲವೇ ಹಾರುವವರಿಗೆ ಮೊದಲೇ ತಿಳಿಸಬೇಕು ಎಂದು. ಒಂದಲ್ಲ, ಮೂರು ಸಲ ಬರೆದರು. ಮೂರನೆಯದನ್ನು ರಾಯರೇ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋಗಿ ವಿಮಾನದಾಣದ ಕಚೇರಿಯಲ್ಲಿ ಕೊಟ್ಟು, ತಮ್ಮ ನಕಲಿನ ಮೇಲೆ ಮುಟ್ಟಿದ ಮೊಹರು ಹಾಕಿಸಿಕೊಂಡು ಬಂದರು. ಅಲ್ಲಿನ ಗುಮಾಸ್ತ ಕಾಗದವನ್ನು ಓದಿ ತಲೆಯಾಡಿಸಿದನಂತೆ.

ಮುತ್ತಗದಹಳ್ಳಿಯವರು ತಪ್ಪು ಮಾಡಿದ್ದರೆ ಅದು ಇಲ್ಲಿಯೇ. ನಮ್ಮ ಕಡೆ ಒಂದು ನಡವಳಿಕೆಯಿದೆ. ನಿನ್ನ ಹೊಲದ ಬಾವಿಕಟ್ಟೆ ಕುಸಿಯುತ್ತಿದೆ, ದನ ಬಿದ್ದೀತು ನೋಡಿಕೊ ಎಂದು ಒಬ್ಬ ಬಂದು ಹೇಳಿ, ಇನ್ನೊಬ್ಬ ಕೇಳಿಸಿಕೊಂಡು ತಲೆಯಾಡಿಸಿದರೆ ಹೇಳಿದವನ ಜವಾಬ್ದಾರಿ ಮುಗಿಯಿತು. ಆಮೇಲೆ ಕಟ್ಟೆ ಸರಿಮಾಡಿಸದಿದ್ದರೆ ಪಂಚಾಯಿತಿಯಲ್ಲಿ ತಲೆ ತಗ್ಗಿಸುವವನು ಕೇಳಿಸಿಕೊಂಡವನೇ. ತಲೆಯಾಡಿಸಿಯೂ ಕೈಕಟ್ಟಿ ಕೂರುವ ಮನುಷ್ಯರು ಇದ್ದಾರೆಂದು ಏಳೂರಿನವರಿಗೆ ತಿಳಿದಿರಲಿಲ್ಲ. ಕಚೇರಿಯೂ ತಮ್ಮ ಪಂಚಾಯಿತಿಯಂತೆಯೇ ನಡೆಯುತ್ತದೆ ಎಂದುಕೊಂಡರು. ಇದನ್ನು ಅಜ್ಞಾನ ಎನ್ನುವುದಾದರೆ ಅನ್ನಿ. ನಾನು ಮೂವತ್ತೊಂದು ವರ್ಷ ಕಚೇರಿಯ ಒಳಗೇ ಇದ್ದವನು. ಅದನ್ನು ಅಜ್ಞಾನ ಎನ್ನಲು ನನಗಂತೂ ನಾಲಗೆ ಏಳುವುದಿಲ್ಲ.

ಆ ವರ್ಷ ರೋಹಿಣಿ ಮಳೆ ಚೆನ್ನಾಗಿಯೇ ಹಿಡಿಯಿತು. ಎರಡು ದಿನ ಸುರಿದು ನಿಂತಿತು, ನೆಲ ಹದಕ್ಕೆ ಬಂತು. ಆದರೂ ಬೋರಕ್ಕ ಬಂಡೆಯ ಹತ್ತಿರ ಹೋಗಲಿಲ್ಲ. ಉತ್ತರ ಬರಲಿ, ಕಾಯೋಣ ಎಂದಳು. ಮೂರು ದಿನವಾಯಿತು, ಐದು ದಿನವಾಯಿತು. ಏಳೂರಿನ ಗಂಡಸರು ಕೂರಿಗೆ ಕಟ್ಟಿಟ್ಟುಕೊಂಡು ಗುಡ್ಡದ ಕಡೆ ನೋಡುತ್ತಾ ಕುಳಿತರು. ಮೇಲ್ಮಣ್ಣು ಒಣಗತೊಡಗಿತು. ಬೇರೆ ಊರಿನವರು ಬಂದು ಬೋರಕ್ಕನ ಗೂಡಿನ ಮುಂದೆ ನಿಂತು, ನೀನು ಯಾರಿಗಾಗಿ ಕಾಯುತ್ತೀ, ನಮ್ಮ ಮಕ್ಕಳ ಹೊಟ್ಟೆಗೆ ಏನು ಹಾಕಲಿ ಎಂದು ಜಗಳಕ್ಕೇ ನಿಂತರು. ಎಂಟನೆಯ ದಿನ ಅವಳು ಮತ್ತೆ ರಾಯರ ಜಗಲಿಗೆ ಹೋಗಿ ಕೇಳಿದಳು. ರಾಯರು ನಕಲನ್ನು ತೆಗೆದು ಮೊಹರು ತೋರಿಸಿ, ಕಾಗದ ಮುಟ್ಟಿದೆ, ಓದಿದ್ದಾರೆ, ಬೇಡವೆಂದೇನೂ ಹೇಳಿಲ್ಲ, ಇನ್ನೇನು ಮಾಡಲಾದೀತು ಎಂದರು. ಮಾರನೆಯ ಬೆಳಿಗ್ಗೆ ಬೋರಕ್ಕ ಕತ್ತಾಳೆ ನಾರಿನ ಕುಂಚ ಹಿಡಿದು ಗುಡ್ಡ ಹತ್ತಿದಳು. ಹೊತ್ತೇರುವಷ್ಟರಲ್ಲಿ ಬಂಡೆ ಬೆಳ್ಳಗಾಗಿತ್ತು, ಕೆಳಗೆ ಏಳೂರಿನ ಹೊಲಗಳಲ್ಲಿ ಎತ್ತುಗಳು ನಡೆದಿದ್ದವು.

ವಿಮಾನ ಬಂದದ್ದು ಆಗಲೇ. ಅಂದು ಮೋಡ ತುಂಬ ಕೆಳಗಿತ್ತು. ಅದರ ಅಡಿಯಿಂದ ತೂರಿಕೊಂಡು ಪಶ್ಚಿಮದಿಂದ ಬಂತಂತೆ. ಒಳಗಿದ್ದ ನಾಲ್ವರಲ್ಲಿ ಹಿರಿಯನಿಗೆ ಇಪ್ಪತ್ತಮೂರು ವರ್ಷ. ಮೂವರು ಅಂದೇ ಮೊದಲ ಸಲ ಬಾಂಬಿನ ಬಯಲಿಗೆ ಬರುತ್ತಿದ್ದವರು. ಇಲ್ಲಿ ಎರಡು ಬಿಳಿಯ ಗುರುತುಗಳಿವೆ, ಒಂದು ನೆಲದ ಮೇಲೆ, ಇನ್ನೊಂದು ಗುಡ್ಡದ ಮೇಲೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಕಾಗದ ಯಾವುದೋ ಮೇಜಿನ ಮೇಲೆ ಬಿದ್ದಿತ್ತು. ಮಬ್ಬಿನಲ್ಲಿ ಕಂಡ ಮೊದಲ ಬಿಳಿಯೇ ಗುರಿಯೆಂದು ಅವರು ಇಳಿಯುತ್ತಾ ಬಂದರು. ಅಡಿಯಲ್ಲಿರುವುದು ಬಯಲಲ್ಲ, ಗುಡ್ಡ ಎಂದು ತಿಳಿದು ಮೇಲೆತ್ತಲು ನೋಡಿರಬೇಕು. ವಿಮಾನ ಬಂಡೆಯನ್ನು ದಾಟಿ ಹೋಗಿ ಆಚೆಯ ಇಳಿಜಾರಿಗೆ ಬಡಿಯಿತು. ಬಂಡೆಗೆ ಒಂದು ಗೀರೂ ಬೀಳಲಿಲ್ಲ. ಬೆಂಕಿ ಎದ್ದದ್ದು ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ. ಅಂದು ಸಂಜೆಯವರೆಗೂ, ಆಮೇಲೆ ಮೂರು ವಾರವೂ, ಬಂಡೆ ಬೆಳ್ಳಗೇ ಇತ್ತು ಎನ್ನುವುದನ್ನು ಏಳೂರಿನವರೂ ಕಂಡಿದ್ದಾರೆ.

ಬೋರಕ್ಕ ಆಗಿನ್ನೂ ನೆತ್ತಿಯ ಮೇಲೆಯೇ ಇದ್ದಳು. ಸುಣ್ಣಕ್ಕೆಂದು ಹೊತ್ತು ತಂದಿದ್ದ ನೀರಿನಲ್ಲಿ ಅರ್ಧ ಕೊಡ ಉಳಿದಿತ್ತು. ಕೊಡ ಎತ್ತಿಕೊಂಡು ಕಾರೆ ಮುಳ್ಳಿನ ನಡುವೆ ಓಡಿದಳು. ಮೂವರ ಕಥೆ ಮುಗಿದಿತ್ತು. ನಾಲ್ಕನೆಯವನು ಹೊರಕ್ಕೆ ಬಿದ್ದಿದ್ದ, ಉಸಿರಿತ್ತು, ಕಾಲಿಗೆ ಬೆಂಕಿ ಹತ್ತಿತ್ತು. ಅವಳು ಬರಿಗೈಯಲ್ಲಿ ಬಡಿದು ಆರಿಸಿ, ಅವನನ್ನು ಎಳೆದು ದೂರ ತಂದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೊಗಸೆಯಲ್ಲಿ ನೀರು ಕುಡಿಸಿದಳು. ಒಂದು ಗುಟುಕು ಒಳಗೆ ಹೋಯಿತು, ಎರಡನೆಯದು ಹೊರಗೆ ಬಂತು. ಕೆಳಗಿನಿಂದ ಗಂಡಸರು ಮೇಲೇರಿ ಬರುವಷ್ಟರಲ್ಲಿ ಅವನೂ ಹೋಗಿದ್ದ. ಅಂಗೈ ಸುಟ್ಟಿದ್ದರಿಂದ ಬೋರಕ್ಕನಿಗೆ ಸಾಯುವವರೆಗೂ ಬೆರಳು ಪೂರ್ತಿ ಮಡಚಲು ಆಗುತ್ತಿರಲಿಲ್ಲವಂತೆ. ಸೇನೆಯವರು ಲಾರಿಯಲ್ಲಿ ಬಂದು ಹೆಣಗಳನ್ನು ಒಯ್ದರು. ಏಳೂರಿನವರು ಕೂರಿಗೆ ಬಿಚ್ಚಿಟ್ಟರು. ಗುಡ್ಡದ ಮೇಲೆ ಸಾವಾಗಿದೆ, ಸತ್ತವರು ಯಾರ ಮಕ್ಕಳಾದರೇನು, ಮೂರು ದಿನ ಕಾಳು ಹಾಕುವುದು ಬೇಡವೆಂದು ತೀರ್ಮಾನಿಸಿದರು. ಎಂಟು ದಿನ ಮೊದಲೇ ಕಳೆದಿತ್ತು, ಈಗ ಮೂರು ದಿನ. ಇದ್ದ ಚೂರು ಹದವೂ ಆರಿತು. ಆ ವರ್ಷ ಸಜ್ಜೆ ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಗುರುತು ಪರಿಚಯವಿಲ್ಲದ ನಾಲ್ವರಿಗಾಗಿ ಏಳು ಹಳ್ಳಿಗಳು ತಮ್ಮ ವರ್ಷದ ಅರ್ಧ ಅನ್ನವನ್ನು ಬಿಟ್ಟುಕೊಟ್ಟವು. ಇದು ಯಾವ ವರದಿಯಲ್ಲೂ ಇಲ್ಲ.

ವಾರದ ಮೇಲೆ ವಿಚಾರಣೆಗೆಂದು ಮೂವರು ಅಧಿಕಾರಿಗಳು ಅಮಲ್ದಾರರನ್ನು ಜೊತೆಗಿಟ್ಟುಕೊಂಡು ಬಂದರು. ಪಟೇಲರ ಮನೆಯ ಮುಂದೆ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಸುಣ್ಣ ಬಳಿದವರು ಯಾರು ಎಂದು ಕೇಳಿದರು. ಬೋರಕ್ಕ ಕೈಗೆ ಬಟ್ಟೆ ಸುತ್ತಿಕೊಂಡೇ ಮುಂದೆ ಬಂದು ನಾನು ಎಂದಳು. ಆ ಬಟ್ಟೆ ಯಾಕೆ ಎಂದು ಒಬ್ಬನೂ ಕೇಳಲಿಲ್ಲ. ಶತ್ರುವಿನ ಕಡೆಯವರು ಯಾರಾದರೂ ಹೇಳಿ ಬಳಿಸಿದರೇ ಎಂದು ಕೇಳಿದರು. ಅಮಲ್ದಾರರು ಅದನ್ನು ಕನ್ನಡದಲ್ಲಿ ಹೇಳುವಾಗ ತಲೆ ಎತ್ತಲಿಲ್ಲವಂತೆ. ಅವಳು ಹೇಳಿದ್ದು ಇಷ್ಟು:

"ನಮ್ಮತ್ತೆ ಹೇಳಿದ್ರು, ಅವರತ್ತೆ ಅವರಿಗೆ ಹೇಳಿದ್ರು ಸ್ವಾಮಿ. ನಿಮಗೆ ನಾವು ಹೇಳಿದ್ವಿ. ಮೂರು ಸತಿ ಹೇಳಿದ್ವಿ. ನೀವು ಆ ಮಕ್ಕಳಿಗೆ ಹೇಳಿದ್ರಾ?"

ಅಮಲ್ದಾರರು ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರೋ ನುಂಗಿಕೊಂಡರೋ ಯಾರಿಗೂ ಗೊತ್ತಿಲ್ಲ. ಅಧಿಕಾರಿಗಳು ಅಂಥ ಕಾಗದವೇ ಬಂದಿಲ್ಲ ಎಂದರು. ಆಗ ನರಹರಿರಾಯರು ಎದ್ದು ಮೊಹರಿನ ನಕಲನ್ನು ಮುಂದಿಟ್ಟರು. ಮೂವರೂ ಅದನ್ನು ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುವೆ ಕುಳಿತಿದ್ದವನು, ಇದನ್ನು ಕಡತಕ್ಕೆ ಸೇರಿಸುತ್ತೇವೆ ಎಂದು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡ. ಸರ್ಕಾರದ ಚೀಲಕ್ಕೆ ಹೋದ ಕಾಗದ ಸುರಕ್ಷಿತ ಎಂದುಕೊಂಡ ಪ್ರಾಮಾಣಿಕ ಮನುಷ್ಯ ರಾಯರು. ಮುಂದೆ ಬದುಕಿರುವ ತನಕ, ನಾನೊಬ್ಬ ಮೂರ್ಖ, ಕೈಯಾರೆ ಕೊಟ್ಟೆನಲ್ಲ ಎಂದು ಜಗಲಿಯ ಮೇಲೆ ಕುಳಿತು ತಮ್ಮನ್ನೇ ಬೈದುಕೊಳ್ಳುತ್ತಿದ್ದರಂತೆ. ಆ ನಕಲು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಹದಿನೈದು ದಿನಕ್ಕೆ ಹುಕುಮು ಬಂತು. ಸ್ಥಳೀಯರು ಹಾಕಿದ್ದ ಸುಳ್ಳು ಗುರುತಿನಿಂದ ವಿಮಾನ ನಾಶವಾಗಿದೆ, ಯುದ್ಧ ಮುಗಿಯುವವರೆಗೆ ಆ ಬಂಡೆಗೆ ಸುಣ್ಣ ಬಳಿಯಕೂಡದು, ಗ್ರಾಮಸ್ಥರು ತಮ್ಮ ಕೈಯಿಂದಲೇ ಅದಕ್ಕೆ ಡಾಂಬರು ಬಳಿಯಬೇಕು, ತಪ್ಪಿದರೆ ಊರಿನ ಮುಖ್ಯಸ್ಥರನ್ನು ಯುದ್ಧಕಾಲದ ಕಾನೂನಿನಂತೆ ಹಿಡಿದು ಹಾಕಲಾಗುವುದು ಎಂದು. ಗಮನಿಸಬೇಕು, ಬಾಂಬಿನ ಬಯಲಿನ ಗುರುತಿನ ಬಣ್ಣ ಬದಲಾಗಲಿಲ್ಲ. ತಮ್ಮ ಗುರುತಿಗೆ ಒಂದಿಷ್ಟು ಕೆಂಪು ಮಣ್ಣು ಹಾಕಿಸಿಕೊಂಡಿದ್ದರೆ ಮುಗಿದುಹೋಗುತ್ತಿದ್ದ ಕೆಲಸಕ್ಕೆ ಏಳು ಹಳ್ಳಿಗಳ ದೇವರಂಥ ಕಲ್ಲಿಗೆ ಮಸಿ ಬಳಿಸಲು ಹೊರಟರು. ಪಟೇಲರು ಹೆದರಿದರು, ಅವರನ್ನು ನಾನು ದೂರುವುದಿಲ್ಲ, ಮನೆಯಲ್ಲಿ ಬಾಣಂತಿ ಮಗಳಿದ್ದಳು. ಪೀಪಾಯಿಗಳು ಲಾರಿಯಲ್ಲಿ ಬಂದವು. ಊರಿನ ಗಂಡಸರು ಹೊತ್ತು ಮೇಲೆ ಸಾಗಿಸಿದರು, ಆದರೆ ಬಳಿಯಲು ಒಬ್ಬನೂ ಮುಂದಾಗಲಿಲ್ಲ. ಕಡೆಗೆ ಬೋರಕ್ಕನೇ, ಆ ಹಕ್ಕು ಬೇರೆಯವರಿಗಿಲ್ಲ ಎಂದು ಸೆರಗು ಬಿಗಿದುಕೊಂಡಳು. ಗಾಯ ಇನ್ನೂ ಮಾಯದ ಕೈಯಲ್ಲೇ ಕುಂಚ ಹಿಡಿದಳು. ಕಾವಲಿಗೆ ನಿಂತಿದ್ದ ಅಧಿಕಾರಿಯ ಕಡೆ ತಿರುಗಿ, ಅಮಲ್ದಾರರಿಗೆ ಕೇಳಿಸುವಂತೆ ಹೇಳಿದಳು:

"ಬಳೀರಿ ಅಂತೀರಿ, ಬಳಿತೀನಿ ಸ್ವಾಮಿ. ಆದ್ರೆ ಇದನ್ನ ತೆಗೆಯೋಳು ನಾನಲ್ಲ. ಬಿಳಿ ಮಾಡಾಕೆ ನೀವೇ ಬರ್ಬೇಕು, ತಪ್ಪು ನಮ್ದು ಅಂದು ಬರ್ಬೇಕು. ಅಲ್ಲೀಗಂಟ ನಮ್ಮನೆ ಸೊಸೇರು ಯಾರೂ ಈ ಕಲ್ಲಿಗೆ ಸುಣ್ಣ ಮುಟ್ಟಿಸಾಕಿಲ್ಲ."

ಅಂದಿನಿಂದ ಬಂಡೆ ಕರಿಗುಂಡಾಯಿತು. ಏಳೂರಿನವರು ಮೊದಮೊದಲು ಆ ಹೆಸರನ್ನು ಬಾಯಿಗೆ ತರಲು ಹಿಂಜರಿದರಂತೆ. ಕರಿಗುಂಡು ಅಂತಲೇ ಕರೆಯಿರಿ, ಯಾರು ಕಪ್ಪು ಮಾಡಿದರೆಂದು ಕೇಳುವವರು ಹುಟ್ಟಲಿ ಎಂದು ಬೋರಕ್ಕನೇ ಹೇಳಿಕೊಟ್ಟಳು ಎನ್ನುತ್ತಾರೆ. ಯುದ್ಧ ಮುಗಿಯಿತು, ಹುಕುಮೂ ಅದರ ಜೊತೆ ಮುಗಿಯಿತು, ಬಾಂಬಿನ ಬಯಲಿನಲ್ಲಿ ಮತ್ತೆ ದನ ಮೇಯತೊಡಗಿದವು. ಬೋರಕ್ಕ ಬಂಡೆಯನ್ನು ಮುಟ್ಟಲಿಲ್ಲ. ಏಳೂರುಗಳು ಮೊದಲಿನಂತೆ ತೋಚಿದ ದಿನ ಬಿತ್ತತೊಡಗಿದವು, ಹಕ್ಕಿಗಳಿಗೆ ಮತ್ತೆ ಸುಗ್ಗಿಯಾಯಿತು. ಸಾಕು ಬಿಡು ಬೋರಕ್ಕ, ಯಾರದೋ ಮೇಲಿನ ಸಿಟ್ಟಿಗೆ ನಮ್ಮ ಬೆಳೆ ಯಾಕೆ ಹಾಳಾಗಬೇಕು ಎಂದು ಗೋಗರೆದವರಿದ್ದರು. ನಾಲ್ಕು ಮಕ್ಕಳನ್ನು ಕೊಂದವಳು ಅಂತ ನನ್ನ ಹೆಸರು ಬರೆದಿಟ್ಟಿದ್ದಾರೆ, ಅದನ್ನು ಹೊಡೆದು ಹಾಕುವವರೆಗೆ ಇಲ್ಲ ಎನ್ನುತ್ತಿದ್ದಳಂತೆ. ಅವಳಿಗಿದ್ದ ಸಂಕಟ ಅದೊಂದೇ. ತನ್ನ ತೊಡೆಯ ಮೇಲೆ ಸತ್ತವನನ್ನು ತಾನೇ ಕೊಂದೆನೆಂದು ಯಾವುದೋ ಊರಿನ ಯಾವುದೋ ಕಡತದಲ್ಲಿ ಇದೆಯಲ್ಲ ಎನ್ನುವುದು.

ದೇಶ ಸ್ವತಂತ್ರವಾಗಿ ಏಳೆಂಟು ವರ್ಷದ ಮೇಲೆ ನಮ್ಮದೇ ಸರ್ಕಾರದ ಎಂಜಿನಿಯರೊಬ್ಬರು ಆಳುಗಳನ್ನು ಕರೆದುಕೊಂಡು, ತಂತಿಯ ಬ್ರಷ್ಷುಗಳನ್ನು ತಂದು, ಡಾಂಬರು ಉಜ್ಜಿಸಿ ಸುಣ್ಣ ಹೊಡೆಸುತ್ತೇನೆ ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಬೋರಕ್ಕ ಬಂಡೆಗೆ ಬೆನ್ನು ಕೊಟ್ಟು ನಿಂತಳು. ಬಳಿಸಿದವರು ದೇಶ ಬಿಟ್ಟು ಹೋಗಿದ್ದಾರಮ್ಮ, ಅವರು ಎಲ್ಲಿಂದ ಬರಬೇಕು ಎಂದು ಎಂಜಿನಿಯರು ತಿಳಿಹೇಳಿದರು. ಹೋಗಲಿ, ಅವರ ಕುರ್ಚಿಯ ಮೇಲೆ ಈಗ ಕೂತಿರುವವರು ನೀವೇ ತಾನೆ, ಕಡತ ಹುಡುಕಿ, ಓದಿ, ತಪ್ಪಾಯಿತು ಅಂತ ಒಂದು ಗೆರೆ ಬರೆದುಕೊಂಡು ಬನ್ನಿ, ಸುಣ್ಣ ನಾನೇ ಕೊಡುತ್ತೇನೆ ಎಂದಳು. ಎಂಜಿನಿಯರು ಹುಡುಕಿಸುತ್ತೇನೆಂದು ಹೇಳಿ ಹೋದರು. ಆ ವರ್ಷದಿಂದ ಅವಳು ರೋಹಿಣಿ ಮಳೆ ಬಿದ್ದ ಕೂಡಲೇ ಒಂದು ಮಡಕೆ ಹೊಸ ಸುಣ್ಣ, ಒಂದು ಹೊಸ ಕುಂಚ ತಂದು ಬಂಡೆಯ ಬುಡದಲ್ಲಿ ಇಟ್ಟು ಹೋಗತೊಡಗಿದಳು. ಬಂದವರು ಸುಣ್ಣವಿಲ್ಲವೆಂಬ ನೆವ ಹೇಳಬಾರದಲ್ಲ. ಅವಳು ಹೋದ ಮೇಲೆ ಸೊಸೆ ಹನುಮಕ್ಕ ಇಡುತ್ತಾ ಬಂದರು.

ನಾನು ಕಣ್ಣಾರೆ ಕಂಡದ್ದೊಂದು ಉಳಿದಿದೆ. ಇಪ್ಪತ್ತು ವರ್ಷದ ಹಿಂದೆ, ನಾನಿನ್ನೂ ಕೆಲಸದಲ್ಲಿದ್ದಾಗ, ಬಿಳಿಯ ಹೆಂಗಸೊಬ್ಬಳು ಈ ಜಾಗವನ್ನು ಹುಡುಕಿಕೊಂಡು ಬಂದಳು. ಎಪ್ಪತ್ತು ದಾಟಿತ್ತು, ಕೋಲೂರಿ ನಡೆಯುತ್ತಿದ್ದಳು. ಸತ್ತ ನಾಲ್ವರಲ್ಲಿ ಒಬ್ಬ ಅವಳ ಅಣ್ಣ. ನಕ್ಷೆ ಬಲ್ಲವನೆಂದು ನನ್ನನ್ನು ಜೊತೆಗೆ ಕಳಿಸಿದ್ದರು. ನನಗೆ ಬರುವ ಹರಕು ಇಂಗ್ಲಿಷಿನಲ್ಲಿ ನಾನೇ ಮಾತು ದಾಟಿಸಿದೆ. ಸ್ಥಳೀಯರು ಹಾಕಿದ ಸುಳ್ಳು ಗುರುತಿನಿಂದ ನಿಮ್ಮ ಮಗ ಸತ್ತ ಎಂದು ಅವಳ ತಾಯಿಗೆ ಕಾಗದ ಬಂದಿತ್ತಂತೆ. ಹುಕುಮಿನಲ್ಲಿದ್ದ ಮಾತೇ, ಅಕ್ಷರ ಅಕ್ಷರ ಅದೇ. ಆ ತಾಯಿ ಅದನ್ನು ನಂಬಿಯೇ, ಕಂಡರಿಯದ ನಮ್ಮ ಜನರನ್ನು ಶಪಿಸುತ್ತಲೇ ಕಣ್ಣು ಮುಚ್ಚಿದಳು. ಹನುಮಕ್ಕ ನಡೆದದ್ದನ್ನೆಲ್ಲ ಹೇಳಿದರು, ನಾನು ತಡವರಿಸುತ್ತಾ ಹೇಳಿದೆ. ಮೂರು ಕಾಗದದ ವಿಷಯ ಬಂದಾಗ ಆಕೆ ಇನ್ನೊಮ್ಮೆ ಹೇಳಿ ಎಂದಳು. ನೀರು ಕುಡಿದವನು ತನ್ನ ಅಣ್ಣನೇ ಎಂದು ಕೇಳಿದಳು. ಹನುಮಕ್ಕ ಸುಳ್ಳು ಹೇಳಲಿಲ್ಲ; ಯಾರೆಂದು ಅತ್ತೆಗೂ ಗೊತ್ತಿರಲಿಲ್ಲ, ಒಂದು ಗುಟುಕು ಒಳಗೆ ಹೋಗಿತ್ತು ಎನ್ನುವುದಷ್ಟೇ ಗೊತ್ತು ಎಂದರು. ಆಕೆ ಬಹಳ ಹೊತ್ತು ಅತ್ತಳು. ಆಮೇಲೆ ಕೋಲನ್ನು ಬಂಡೆಗೆ ಒರಗಿಸಿ, ಬಗ್ಗಿ, ಮಡಕೆಯಲ್ಲಿದ್ದ ಕುಂಚವನ್ನು ಕೈಗೆತ್ತಿಕೊಂಡಳು. ತಾನು ಬಳಿಯಬಹುದೇ ಎಂದು ಕಣ್ಣಲ್ಲೇ ಕೇಳಿದಳು.

ಹನುಮಕ್ಕ ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಕುಂಚ ಬಿಡಿಸಿದರು. "ನೀವಲ್ಲ ಕಣಮ್ಮ," ಎಂದರು. "ನಿಮಗೂ ಅವರು ಸುಳ್ಳೇ ಹೇಳಿದ್ದು."

ಈಗ ಗುಡ್ಡಕ್ಕೆ ಹೋಗುವವರು ಮೆಟ್ಟಿಲು ಹತ್ತಿ, ಬೋರ್ಡು ಓದಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಬಂಡೆಯ ಬುಡದಲ್ಲಿರುವ ಮಡಕೆಯನ್ನು ದೇವರ ಹರಕೆಯೆಂದು ತಿಳಿದು ಅರಿಶಿನ ಕುಂಕುಮ ಹಾಕುವವರಿದ್ದಾರೆ. ಪ್ರಸಾದವೆಂದು ಹಣೆಗೆ ಹಚ್ಚಿಕೊಂಡು, ಉರಿಯಿತೆಂದು ಊರಿಗೆ ಬಂದು ದೂರುವವರೂ ಇದ್ದಾರೆ. ಕಡತಕ್ಕಾಗಿ ನಾನು ನಿವೃತ್ತನಾದ ಮೇಲೆ ಹನ್ನೊಂದು ಅರ್ಜಿ ಹಾಕಿದ್ದೇನೆ. ದಾಖಲೆ ಲಭ್ಯವಿಲ್ಲ ಎಂದು ನಾಲ್ಕಕ್ಕೆ ಉತ್ತರ ಬಂದಿದೆ, ಏಳಕ್ಕೆ ಅದೂ ಇಲ್ಲ. ಎಂಬತ್ತಾದ ಹನುಮಕ್ಕನಿಗೆ ಈಗ ಗುಡ್ಡ ಹತ್ತಲು ಆಗುವುದಿಲ್ಲ, ಅವರ ಸೊಸೆ ಹೋಗುತ್ತಾಳೆ. ಈ ರೋಹಿಣಿಗೂ ಹೋಗಿ ಹಳೆಯ ಸುಣ್ಣ ಚೆಲ್ಲಿ, ಹೊಸದನ್ನು ತುಂಬಿ, ಕುಂಚವನ್ನು ಅದರ ಮೇಲೆ ಅಡ್ಡಲಾಗಿ ಇಟ್ಟು ಬಂದಿದ್ದಾಳೆ. ಬಳಿಸಿದವರ ಕಡೆಯವರು ಯಾರೂ ತಪ್ಪು ನಮ್ಮದೆಂದು ಇನ್ನೂ ಗುಡ್ಡ ಹತ್ತಿಲ್ಲ.